ಪುಕ್ಕಟೆ ನೂರು ಪೌಂಡಿನ ಲೆಕ್ಕ

‘ನೂರು ಪೌಂಡ್ ಕಟ್ಟಿ, ಇನ್ನೂರು ಪೌಂಡಿನಲ್ಲಿ ಆಡಿ.’ ಬ್ರಿಟನ್ನಿನ ಆನ್‌ಲೈನ್ ಕ್ಯಾಸಿನೋಗಳು ಹೊಸ ಗಿರಾಕಿಯನ್ನು ಕರೆಯುವ ಬಗೆ ಇದು. ಕರೆ ಒಂದೇ ಸಾಲಿನದು, ಅದರ ಬೆನ್ನಿಗೆ ಬರುವ ಷರತ್ತುಗಳು ಪುಟಗಟ್ಟಲೆ. ಈ ಉದ್ಯಮದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಷರತ್ತುಗಳ ತಿರುಳನ್ನು ನಾಲ್ಕು ಮಾತಿಗೆ ಇಳಿಸಬಹುದು.

ಒಂದು: ಬೋನಸ್ ಮೊತ್ತದ 35 ಪಟ್ಟು ಹಣವನ್ನು ಬಾಜಿ ಕಟ್ಟಿ ಮುಗಿಸಿದ ಮೇಲಷ್ಟೇ ದುಡ್ಡು ಕೈಗೆ ಸಿಗುತ್ತದೆ. ಎರಡು: ಸ್ಲಾಟ್ ಆಟದಲ್ಲಿ ಕಟ್ಟಿದ ಬಾಜಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಬ್ಲ್ಯಾಕ್‌ಜಾಕ್‌ನಲ್ಲಿ ಕಟ್ಟಿದ್ದರ ಹತ್ತನೇ ಒಂದು ಪಾಲು ಮಾತ್ರ. ಮೂರು: ಬೋನಸ್ ಚಾಲ್ತಿಯಲ್ಲಿರುವಾಗ ಯಾವ ಬಾಜಿಯೂ 5 ಪೌಂಡ್ ಮೀರಕೂಡದು. ನಾಲ್ಕು: ಒಂದು ಮನೆಗೆ ಒಂದೇ ಬೋನಸ್. ಇವುಗಳಲ್ಲಿ ಯಾವುದು ತಪ್ಪಿದರೂ ಅದು ‘ಬೋನಸ್ ದುರುಪಯೋಗ’. ಗೆದ್ದ ಹಣ ಮುಟ್ಟುಗೋಲು.

ಓದಿದರೆ ವಕೀಲರು ಕೂತು ಬರೆದ ಹಾಗಿದೆ. ನಿಜವಾಗಿ ಇದನ್ನು ಬರೆಸಿದ್ದು ಗಣಿತ. ಪ್ರತಿ ಷರತ್ತಿನ ಹಿಂದೆಯೂ ಆಟಗಾರರಿಗೆ ಅನುಕೂಲವಾಗುವ ಒಂದು ಲೆಕ್ಕವಿದೆ. ಆ ಲೆಕ್ಕ ಫಲಿಸದಂತೆ ಕ್ಯಾಸಿನೋ ಹಾಕಿದ ಬೇಲಿಯೇ ಷರತ್ತು. ಬೇಲಿಯ ಒಳಗಿರುವುದು ನ್ಯಾಯದ ಆಟ, ಹೊರಗಿರುವುದು ದುರುಪಯೋಗ ಎಂಬುದು ಕಂಪನಿಗಳ ವಾದ. ಬೇಲಿ ಸರಿಯಾದ ಜಾಗದಲ್ಲಿದೆಯೇ ಎಂದು ನಾವೇ ಅಳೆದು ನೋಡಬಹುದು. ಅದಕ್ಕೆ ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಎಲೆಯಲ್ಲಿ ಮೋಸವಿಲ್ಲ, ಆದರೂ ನಷ್ಟ

ಬೋನಸ್ ಸದ್ಯಕ್ಕೆ ಬದಿಗಿರಲಿ, ಆಟವನ್ನಷ್ಟೇ ನೋಡೋಣ. ಕರ್ನಾಟಕದ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ಆಗಾಗ ತಲೆಹಾಕುವ ಅಂದರ್ ಬಾಹರ್ ಈಗ ಹೊರದೇಶದ ಆನ್‌ಲೈನ್ ಕ್ಯಾಸಿನೋಗಳಲ್ಲೂ ಇದೆ. ಆಟ ಸರಳ. 52 ಎಲೆಯ ಕಟ್ಟಿನಿಂದ ಒಂದನ್ನು ಎತ್ತಿ ನಡುವೆ ಇಡುತ್ತಾರೆ. ಅದು ಎಂಟು ಎಂದಿಟ್ಟುಕೊಳ್ಳಿ. ಆಮೇಲೆ ಅಂದರ್‌ಗೊಂದು, ಬಾಹರ್‌ಗೊಂದು ಎಲೆ ಹಾಕುತ್ತ ಹೋಗುತ್ತಾರೆ. ಮುಂದಿನ ಎಂಟು ಯಾವ ಕಡೆ ಬೀಳುತ್ತದೋ ಆ ಕಡೆ ಬಾಜಿ ಕಟ್ಟಿದವರಿಗೆ ಗೆಲುವು.

ಮೇಲ್ನೋಟಕ್ಕೆ ಎರಡೂ ಕಡೆ ಸಮಸಮ. ಆದರೆ ಮೊದಲ ಎಲೆ ಬೀಳುವ ಕಡೆಗೆ ತುಸು ಅನುಕೂಲವಿದೆ. ಉಳಿದ 51 ಎಲೆಗಳಲ್ಲಿ ಮೂರು ಎಂಟುಗಳಿವೆ. ಮೊದಲ ಎಲೆಯೇ ಎಂಟಾಗುವ ಸಂಭವ 51ಕ್ಕೆ 3, ಅಂದರೆ ಶೇ 5.88. ಎರಡನೇ ಎಲೆಯಲ್ಲಿ ಆಟ ಮುಗಿಯಬೇಕಾದರೆ ಮೊದಲನೆಯದು ಎಂಟಾಗಿರಬಾರದು, ಎರಡನೆಯದು ಆಗಬೇಕು. ಅದರ ಸಂಭವ ಶೇ 5.65. ಹೀಗೆ ಪ್ರತಿ ಜೋಡಿಯಲ್ಲೂ ಮೊದಲಿನದಕ್ಕೆ ಕೂದಲೆಳೆಯಷ್ಟು ಮೇಲುಗೈ. ಎಲ್ಲವನ್ನೂ ಕೂಡಿದರೆ ಮೊದಲ ಕಡೆಗೆ ಶೇ 51.5, ಇನ್ನೊಂದು ಕಡೆಗೆ ಶೇ 48.5 ಬರುತ್ತದೆ.

ಹಾಗಾದರೆ ಯಾವಾಗಲೂ ಮೊದಲ ಕಡೆಗೇ ಕಟ್ಟಿದರಾಯಿತಲ್ಲ? ಆ ಲೆಕ್ಕ ಕ್ಯಾಸಿನೋಗೂ ಗೊತ್ತು. ಆದ್ದರಿಂದ ಆ ಕಡೆ ಗೆದ್ದರೆ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತು ಮಾತ್ರ ಕೊಡುತ್ತದೆ, ಇನ್ನೊಂದು ಕಡೆಗೆ ನೂರಕ್ಕೆ ನೂರು. ನೂರು ರೂಪಾಯಿಯ ನೂರು ಬಾಜಿಗಳನ್ನು ಮೊದಲ ಕಡೆಗೆ ಕಟ್ಟಿದರೆ ಸರಾಸರಿ ಬರುವುದು 4,635 ರೂಪಾಯಿ, ಹೋಗುವುದು 4,850. ಹತ್ತು ಸಾವಿರಕ್ಕೆ 215 ರೂಪಾಯಿ ಖೋತಾ, ಅಂದರೆ ಶೇ 2.15. ಇನ್ನೊಂದು ಕಡೆ ಕಟ್ಟಿದರೆ ಶೇ 3.

ಯಾರೂ ಎಲೆ ಬಚ್ಚಿಡಲಿಲ್ಲ, ಗುರುತು ಹಾಕಲಿಲ್ಲ, ಕಲಸುವಾಗ ಕೈಚಳಕ ತೋರಲಿಲ್ಲ. ಕ್ಯಾಸಿನೋದ ಪಾಲು ಕೂತಿರುವುದು ಎಲೆಗಳಲ್ಲಲ್ಲ, ಗೆದ್ದವರಿಗೆ ಕೊಡುವ ಹಣದಲ್ಲಿ. ಆಟವೊಂದರ ಬೆಲೆಯನ್ನು ಅದರ ಎಲ್ಲ ಫಲಿತಾಂಶಗಳ ಸರಾಸರಿಯಿಂದ ಅಳೆಯುವ ಕ್ರಮವನ್ನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1657ರಲ್ಲೇ ಪುಸ್ತಕ ಬರೆದು ವಿವರಿಸಿದ್ದ. ನಿರೀಕ್ಷಿತ ಮೌಲ್ಯ ಎಂದು ನಾವು ಈಗ ಕರೆಯುವುದು ಇದನ್ನೇ. ಕ್ಯಾಸಿನೋದ ಇಡೀ ವ್ಯವಹಾರ ನಿಂತಿರುವುದೂ ಇದರ ಮೇಲೆಯೇ.

ಕಲಸುವ ಕೈ ಇಲ್ಲದ ಕಡೆ

ಮೇಜಿನ ಮುಂದೆ ಕೂತರೆ ಕಲಸುವವನ ಕೈಯನ್ನು ನೋಡಬಹುದು. ಆನ್‌ಲೈನಿನಲ್ಲಿ ಕಲಸುವುದು ಒಂದು ಪ್ರೋಗ್ರಾಂ. ಅದು ನೆಟ್ಟಗೆ ಕಲಸುತ್ತಿದೆ ಎಂದು ನಂಬುವುದು ಹೇಗೆ?

1999ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ಒಂದು ಕಂಪನಿ ಸಿಕ್ಕಿಬಿತ್ತು. ಆನ್‌ಲೈನ್ ಪೋಕರ್‌ಗೆ ಸಾಫ್ಟ್‌ವೇರ್ ಒದಗಿಸುತ್ತಿದ್ದ ಎಎಸ್‌ಎಫ್ ಸಾಫ್ಟ್‌ವೇರ್, ತನ್ನ ಆಟ ಎಷ್ಟು ಪ್ರಾಮಾಣಿಕವೆಂದು ತೋರಿಸಲು ಎಲೆ ಕಲಸುವ ಪ್ರೋಗ್ರಾಮನ್ನೇ ಪ್ರಕಟಿಸಿತು. ಅಮೆರಿಕದ ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಎಂಬ ಸಂಸ್ಥೆಯ ತಜ್ಞರು ಅದನ್ನು ಓದಿದರು. 52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 68 ಅಂಕಿಗಳಷ್ಟು ಉದ್ದ. ಈ ಪ್ರೋಗ್ರಾಂ ಮಾತ್ರ ಒಂದು ಬೀಜಸಂಖ್ಯೆಯಿಂದ ಹೊರಟು ಉಳಿದದ್ದನ್ನೆಲ್ಲ ಸೂತ್ರದ ಪ್ರಕಾರ ಹುಟ್ಟಿಸುತ್ತಿತ್ತು. ಬೀಜಸಂಖ್ಯೆಗೆ ಇದ್ದ ಜಾಗ 32 ಬಿಟ್, ಹಾಗಾಗಿ ಅದು ಹುಟ್ಟಿಸಬಲ್ಲ ಕ್ರಮಗಳು ಹೆಚ್ಚೆಂದರೆ 430 ಕೋಟಿ. ಅದರ ಮೇಲೆ ಆ ಬೀಜಸಂಖ್ಯೆಯನ್ನು ಆರಿಸುತ್ತಿದ್ದುದು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಎಂದು ಗಡಿಯಾರ ನೋಡಿ. ದಿನಕ್ಕೆ ಇರುವುದು 8.64 ಕೋಟಿ ಮಿಲಿಸೆಕೆಂಡ್. ತಮ್ಮ ಕಂಪ್ಯೂಟರಿನ ಗಡಿಯಾರವನ್ನು ಸರ್ವರಿನ ಗಡಿಯಾರಕ್ಕೆ ಹೊಂದಿಸಿಕೊಂಡಾಗ ತಜ್ಞರ ಮುಂದೆ ಉಳಿದದ್ದು ಸುಮಾರು ಎರಡು ಲಕ್ಷ ಸಾಧ್ಯತೆಗಳು. ತಮ್ಮ ಕೈಯ ಎರಡು ಎಲೆ, ಮೇಜಿನ ಮೇಲೆ ತೆರೆದ ಮೂರು ಎಲೆ ನೋಡಿದರೆ ಆ ಎರಡು ಲಕ್ಷದಲ್ಲಿ ಯಾವುದು ಎಂದು ಗೊತ್ತಾಗುತ್ತಿತ್ತು. ಎದುರಾಳಿಗಳ ಎಲೆ, ಇನ್ನೂ ಬರಬೇಕಾದ ಎಲೆ, ಎಲ್ಲವೂ ಆಟ ನಡೆಯುತ್ತಿರುವಾಗಲೇ ಬಯಲು.

ಈಗಿನ ಪರವಾನಗಿ ಪಡೆದ ಕ್ಯಾಸಿನೋಗಳು ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಬೀಜಸಂಖ್ಯೆ ಊಹಿಸಲಾಗದ ಮೂಲಗಳಿಂದ ಬರುತ್ತದೆ, ಸ್ವತಂತ್ರ ಪ್ರಯೋಗಾಲಯಗಳು ಫಲಿತಾಂಶಗಳನ್ನು ತೂಗಿ ನೋಡುತ್ತವೆ. ಆ ತೂಕದ ಬಗೆಯೂ ಸ್ವಾರಸ್ಯಕರ. ಯುರೋಪಿನ ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆಗಳು. 3,70,000 ಸಲ ತಿರುಗಿಸಿದರೆ ಪ್ರತಿ ಸಂಖ್ಯೆ ಸರಾಸರಿ 10,000 ಸಲ ಬರಬೇಕು. ನೂರರ ಆಸುಪಾಸಿನ ಏರುಪೇರು ಸಹಜ. ಒಂದು ಸಂಖ್ಯೆ 10,600 ಸಲ ಬಂದರೆ ಅನುಮಾನಪಡಬೇಕು. ಪ್ರತಿ ಸಂಖ್ಯೆಯೂ ಕರಾರುವಾಕ್ಕಾಗಿ ಹತ್ತು ಸಾವಿರ ಸಲವೇ ಬಂದರೆ ಇನ್ನೂ ಹೆಚ್ಚು ಅನುಮಾನಪಡಬೇಕು. ನಿಜವಾದ ಯಾದೃಚ್ಛಿಕತೆ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಪ್ರಯೋಗಾಲಯ ಕೊಡುವ ಪ್ರಮಾಣಪತ್ರಕ್ಕೆ ಇಷ್ಟೇ ಅರ್ಥ: ಚಕ್ರ ನೆಟ್ಟಗಿದೆ, ಘೋಷಿಸಿದ ಪಾಲಿಗಿಂತ ಹೆಚ್ಚು ಮುರಿದುಕೊಳ್ಳುತ್ತಿಲ್ಲ. ಬೋನಸ್ಸಿನ ಷರತ್ತುಗಳು ನೆಟ್ಟಗಿವೆಯೇ ಎಂಬ ಪ್ರಶ್ನೆ ಆ ತಕ್ಕಡಿಗೆ ಬರುವುದೇ ಇಲ್ಲ.

ಮೂಗಿಗೆ ತುಪ್ಪ

ಈಗ ಆ ನೂರು ಪೌಂಡನ್ನು ಕೈಗೆತ್ತಿಕೊಳ್ಳೋಣ. ಬೋನಸ್ 100 ಪೌಂಡ್. 35 ಪಟ್ಟು ಎಂದರೆ 3,500 ಪೌಂಡಿನಷ್ಟು ಬಾಜಿ ಕಟ್ಟಬೇಕು. ಒಂದೇ ದುಡ್ಡು ಸೋತು ಗೆದ್ದು ಮತ್ತೆ ಮತ್ತೆ ಓಡಾಡುವುದರಿಂದ ಜೇಬಿನಲ್ಲಿ ಅಷ್ಟು ಹಣ ಇರಬೇಕಿಲ್ಲ, ಆದರೆ ಅಷ್ಟು ಓಡಬೇಕು.

ಶೇ 96 ಮರಳಿಸುವ ಸ್ಲಾಟ್ ಆಟ ಹಿಡಿಯೋಣ. ಕಟ್ಟಿದ ಪ್ರತಿ ಪೌಂಡಿಗೆ ಸರಾಸರಿ 4 ಪೆನ್ಸ್ ಕ್ಯಾಸಿನೋದ ಪಾಲು. 3,500 ಪೌಂಡ್ ಪೂರ್ತಿ ಓಡಿಸಿದರೆ 140 ಪೌಂಡ್. ನೂರು ಪಡೆಯಲು ನೂರಾ ನಲವತ್ತು ತೆತ್ತಂತಾಯಿತು. ಕೊಡುಗೆಯ ನಿಜವಾದ ಬೆಲೆ ಸೊನ್ನೆಗಿಂತ 40 ಪೌಂಡ್ ಕೆಳಗೆ. ಮೂಗಿಗೆ ಸವರಿದ ತುಪ್ಪದ ಪರಿಮಳವಷ್ಟೇ ಗಿರಾಕಿಯದು.

ಬ್ಲ್ಯಾಕ್‌ಜಾಕ್ ಹಿಡಿದರೆ ಚಿತ್ರ ತಲೆಕೆಳಗು. ಪ್ರತಿ ಕೈಯನ್ನೂ ಗಣಿತ ಹೇಳಿದಂತೆಯೇ ಆಡುವವನಿಗೆ ಅಲ್ಲಿ ಕ್ಯಾಸಿನೋದ ಪಾಲು ಸುಮಾರು ಶೇ 0.5. ಅದೇ 3,500 ಪೌಂಡಿಗೆ ಸರಾಸರಿ ನಷ್ಟ 17 ಪೌಂಡ್ 50 ಪೆನ್ಸ್. ಬೋನಸ್ಸಿನಲ್ಲಿ 82 ಪೌಂಡ್ 50 ಪೆನ್ಸ್ ಆಟಗಾರನ ಕೈಯಲ್ಲೇ ಉಳಿಯುತ್ತದೆ. ಇದನ್ನು ಕಂಡುಕೊಂಡವರು ಒಂದು ಕ್ಯಾಸಿನೋದಿಂದ ಇನ್ನೊಂದಕ್ಕೆ ಹಾರುತ್ತ ಬೋನಸ್ ಕೊಯ್ಯಬಹುದು. ಎರಡನೇ ಷರತ್ತಿನ ಮರ್ಮ ಇಲ್ಲಿದೆ. ಬ್ಲ್ಯಾಕ್‌ಜಾಕ್‌ನ ಬಾಜಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಲೆಕ್ಕಕ್ಕೆ ಎಂದರೆ 3,500ರ ಬದಲು 35,000 ಪೌಂಡ್ ಓಡಿಸಬೇಕು. ನಷ್ಟ 175ಕ್ಕೆ ಏರುತ್ತದೆ. ಸ್ಲಾಟ್‌ಗಿಂತಲೂ ದುಬಾರಿ.

ಒಂದೇ ಏಟಿಗೆ ಇನ್ನೂರು

ಮೂರನೇ ಷರತ್ತು, 5 ಪೌಂಡಿನ ಮಿತಿ, ಮೊದಲ ನೋಟಕ್ಕೆ ಗಿರಾಕಿಯ ಹಿತ ಕಾಯುವಂತೆ ಕಾಣುತ್ತದೆ. ದೊಡ್ಡ ಬಾಜಿ ಕಟ್ಟಿ ಹಾಳಾಗದಿರಲಿ ಎಂಬ ಕಾಳಜಿಯೇ? ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಮಿತಿ ಇಲ್ಲ, ರೂಲೆಟ್‌ನ ಬಾಜಿಯೂ ಪೂರ್ತಿ ಲೆಕ್ಕಕ್ಕೆ ಬರುತ್ತದೆ ಎಂದುಕೊಳ್ಳಿ. ನಿಧಾನವಾಗಿ ಸಣ್ಣ ಬಾಜಿ ಕಟ್ಟುತ್ತ ಹೋದರೆ ಪ್ರತಿ ಪೌಂಡಿಗೆ 37ನೇ ಒಂದು ಪಾಲು ಹೋಗುತ್ತದೆ. 3,500 ಪೌಂಡಿಗೆ ಸುಮಾರು 95. ಬೋನಸ್ಸಿನಲ್ಲಿ ಉಳಿಯುವುದು ಬರೀ 5 ಪೌಂಡ್.

ಈಗ ಧೈರ್ಯಸ್ಥನೊಬ್ಬ ಖಾತೆಯಲ್ಲಿರುವ ಇನ್ನೂರನ್ನೂ ಒಂದೇ ಏಟಿಗೆ ಕೆಂಪಿನ ಮೇಲೆ ಇಡುತ್ತಾನೆ. 37ರಲ್ಲಿ 19 ಸಲ ಸೋಲು. ಆಗ ಅವನು ಕಳೆದುಕೊಂಡದ್ದು ಸ್ವಂತದ ನೂರು. ಇನ್ನೊಂದು ನೂರು ಕ್ಯಾಸಿನೋದ್ದೇ. 37ರಲ್ಲಿ 18 ಸಲ ಗೆಲುವು, ಖಾತೆಯಲ್ಲಿ 400. ಉಳಿದ 3,300 ಪೌಂಡನ್ನು ಸಣ್ಣ ಬಾಜಿಗಳಲ್ಲಿ ಓಡಿಸಿ ಮುಗಿಸಿದರೆ 89 ಪೌಂಡ್ ಸವೆದು 311 ಉಳಿಯುತ್ತದೆ. 311ನ್ನು 18ರಿಂದ ಗುಣಿಸಿ 37ರಿಂದ ಭಾಗಿಸಿದರೆ 151. ಹಾಕಿದ ನೂರು ಕಳೆದರೆ ಸರಾಸರಿ ಲಾಭ 51 ಪೌಂಡ್.

ಅದೇ ಆಟ, ಅದೇ ಚಕ್ರ, ಅದೇ ಬೋನಸ್. ಸರಾಸರಿ 5 ಪೌಂಡ್ ಇದ್ದದ್ದು 51 ಆದದ್ದು ಹೇಗೆ? ಕ್ಯಾಸಿನೋದ ಪಾಲು ಸಂದಾಯವಾಗುವುದು ಓಡಿದ ಹಣದ ಮೇಲೆ. ಮೊದಲ ಏಟಿಗೇ ಸೋತವನ ಹಣ ಓಡುವುದೇ ಇಲ್ಲ, ಉಳಿದ 3,300 ಪೌಂಡಿನ ಮೇಲೆ ಅವನು ಚಿಕ್ಕಾಸೂ ತೆರುವುದಿಲ್ಲ. ಗೆದ್ದವನು ಮಾತ್ರ ತೆರುತ್ತಾನೆ, ಆಗ ಅವನಿಗೆ ತೆರುವ ಶಕ್ತಿಯೂ ಇರುತ್ತದೆ. ಸೋಲನ್ನು ಕ್ಯಾಸಿನೋ ಜೊತೆ ಹಂಚಿಕೊಂಡು ಗೆಲುವನ್ನು ಪೂರ್ತಿ ಇಟ್ಟುಕೊಳ್ಳುವ ಉಪಾಯ ಇದು. ಏರಿಳಿತ ದೊಡ್ಡದಾದಷ್ಟೂ ಆಟಗಾರನಿಗೆ ಅನುಕೂಲ. 5 ಪೌಂಡಿನ ಮಿತಿ ಆ ಏರಿಳಿತವನ್ನು ಕತ್ತರಿಸುತ್ತದೆ. ಹಣ ನಿಧಾನವಾಗಿ, ಉದ್ದಕ್ಕೂ ಓಡಲೇಬೇಕಾಗುತ್ತದೆ.

ಎರಡು ಹೆಸರು, ಒಬ್ಬನೇ ಆಸಾಮಿ

ಧೈರ್ಯಸ್ಥನಿಗೂ ಒಂದು ತೊಂದರೆಯಿದೆ. ಸರಾಸರಿ ಲಾಭವೇನೋ 51, ಆದರೆ ಅರ್ಧಕ್ಕಿಂತ ಹೆಚ್ಚು ಸಲ ನೂರು ಪೌಂಡ್ ಮಣ್ಣುಪಾಲು. ಅವನು ಎರಡು ಹೆಸರಿನಲ್ಲಿ ಎರಡು ಖಾತೆ ತೆರೆಯುತ್ತಾನೆ ಎನ್ನಿ. ನಾಲ್ಕನೇ ಷರತ್ತನ್ನು ತಪ್ಪಿಸಿ ಎರಡಕ್ಕೂ ಬೋನಸ್. ಒಂದೇ ಚಕ್ರದ ಮೇಲೆ, ಒಂದೇ ಸುತ್ತಿನಲ್ಲಿ, ಮೊದಲ ಖಾತೆಯ ಇನ್ನೂರು ಕೆಂಪಿನ ಮೇಲೆ, ಎರಡನೆಯದರ ಇನ್ನೂರು ಕಪ್ಪಿನ ಮೇಲೆ. 37ರಲ್ಲಿ 36 ಸಲ ಒಂದು ಖಾತೆ ಖಾಲಿ, ಇನ್ನೊಂದರಲ್ಲಿ 400. ಅದನ್ನು ಓಡಿಸಿ ಮುಗಿಸಿದರೆ 311. ಎರಡು ಖಾತೆಗೂ ಸೇರಿ ಅವನು ಹಾಕಿದ್ದು 200. ಹೆಚ್ಚುಕಡಿಮೆ ಖಚಿತವಾಗಿ 111 ಪೌಂಡ್ ಲಾಭ. ಸೊನ್ನೆ ಬಂದಾಗ ಮಾತ್ರ ಎರಡೂ ಮುಳುಗುತ್ತವೆ. ಅದನ್ನೂ ಸೇರಿಸಿದರೆ ಸರಾಸರಿ ಲಾಭ 102.

ಈ 102ನ್ನು ಸ್ವಲ್ಪ ದಿಟ್ಟಿಸಿ ನೋಡಬೇಕು. ಇಬ್ಬರು ಬೇರೆ ಬೇರೆ ಧೈರ್ಯಸ್ಥರು, ಒಬ್ಬರ ಮುಖ ಒಬ್ಬರು ನೋಡದೆ, ಪ್ರಾಮಾಣಿಕವಾಗಿ ತಮ್ಮ ತಮ್ಮ ಹೆಸರಿನಲ್ಲಿ ಆಡಿದ್ದರೂ ಇಬ್ಬರ ಸರಾಸರಿ ಕೂಡಿ ಅಷ್ಟೇ ಆಗುತ್ತಿತ್ತು: 51ರ ಎರಡರಷ್ಟು. ಕ್ಯಾಸಿನೋಗೆ ಆಗುವ ಸರಾಸರಿ ನಷ್ಟದಲ್ಲಿ ಒಂದು ಪೆನ್ಸೂ ವ್ಯತ್ಯಾಸವಿಲ್ಲ. ಎರಡು ಹೆಸರಿನ ಆಸಾಮಿ ಗಳಿಸಿದ್ದು ಹೆಚ್ಚಿನ ಸರಾಸರಿಯನ್ನಲ್ಲ, ಖಾತರಿಯನ್ನು. ಜೊತೆಗೆ ಒಬ್ಬನಿಗೆ ಸಲ್ಲಬೇಕಾದದ್ದನ್ನು ಎರಡು ಸಲ ಪಡೆದ.

ಹಾಗಿದ್ದರೆ ಇಬ್ಬರು ಧೈರ್ಯಸ್ಥರಿಗೂ ಈ ಆಸಾಮಿಗೂ ಇರುವ ಅಂತರ ಯಾವುದು? ಗಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಂತರ ಇರುವುದು ಅವನು ಹೇಳಿದ ಸುಳ್ಳಿನಲ್ಲಿ: ‘ನಾನು ಬೇರೆ ಮನುಷ್ಯ’ ಎಂದದ್ದರಲ್ಲಿ. ಉದ್ಯಮದ ಷರತ್ತುಗಳು ಬ್ಲ್ಯಾಕ್‌ಜಾಕ್ ಲೆಕ್ಕದವನನ್ನೂ, ಒಂದೇ ಏಟಿನವನನ್ನೂ, ಬೇರೆಯವರ ಗುರುತಿನ ಚೀಟಿ ಬಳಸಿ ಹತ್ತಾರು ಖಾತೆ ತೆರೆದವನನ್ನೂ ‘ದುರುಪಯೋಗ’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತವೆ. ಮೊದಲಿಬ್ಬರು ಕೊಟ್ಟ ಕೊಡುಗೆಯನ್ನು ಓದಿ ಅರ್ಥಮಾಡಿಕೊಂಡವರು. ಮೂರನೆಯವನು ವಂಚಕ.

ಲೆಕ್ಕ ಎಲ್ಲಿ ಮುಗಿಯುತ್ತದೆ

ಲೆಕ್ಕಕ್ಕೂ ವಂಚನೆಗೂ ನಡುವಿನ ಈ ಗೆರೆ ಆನ್‌ಲೈನ್ ಕಾಲಕ್ಕಿಂತ ಹಳೆಯದು. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಎಂಐಟಿಯ ಐಬಿಎಂ 704 ಕಂಪ್ಯೂಟರಿನಲ್ಲಿ ಬ್ಲ್ಯಾಕ್‌ಜಾಕ್‌ನ ಲೆಕ್ಕ ಹಾಕಿ, ಆಗಲೇ ಬಿದ್ದುಹೋದ ಎಲೆಗಳನ್ನು ನೆನಪಿಟ್ಟುಕೊಂಡರೆ ಆಟಗಾರನೇ ಮೇಲುಗೈ ಸಾಧಿಸಬಹುದೆಂದು ತೋರಿಸಿದ. 1962ರಲ್ಲಿ ಬಂದ ಅವನ ‘ಬೀಟ್ ದ ಡೀಲರ್’ ಪುಸ್ತಕ ಕ್ಯಾಸಿನೋಗಳ ನಿದ್ದೆಗೆಡಿಸಿತು. ಎಲೆ ಎಣಿಸುವುದು ಅಪರಾಧವಾಗಲಿಲ್ಲ. ಬೇಡವಾದವರನ್ನು ಹೊರಗೆ ಕಳುಹಿಸುವ ದಾರಿಯನ್ನು ನೆವಾಡಾದ ಕ್ಯಾಸಿನೋಗಳು ಹಿಡಿದವು; ನ್ಯೂಜೆರ್ಸಿಯಲ್ಲಿ ಕೆನ್ ಉಸ್ಟನ್ ಎಂಬ ಎಣಿಕೆಗಾರ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ, ಎಣಿಸುತ್ತಾನೆಂಬ ಕಾರಣಕ್ಕೆ ಕ್ಯಾಸಿನೋ ತಾನಾಗಿ ಅವನನ್ನು ಹೊರಗಿಡುವಂತಿಲ್ಲ ಎಂದಿತು.

ಬೋನಸ್ಸಿಗೆ ಇನ್ನೂ ಹತ್ತಿರದ ಕಥೆ ಡಾನ್ ಜಾನ್ಸನ್‌ನದು. ಆರ್ಥಿಕ ಹಿಂಜರಿತದಿಂದ ಕಂಗೆಟ್ಟಿದ್ದ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೋಗಳು ದೊಡ್ಡ ಕುಳಗಳನ್ನು ಸೆಳೆಯಲು ಸೋತ ಹಣದಲ್ಲಿ ಶೇ 20 ವಾಪಸು ಕೊಡುವುದಾಗಿ ಒಪ್ಪಿದವು. ಸಮಸಮ ಸಾಧ್ಯತೆಯ ಆಟದಲ್ಲಿ ಗೆದ್ದರೆ 100, ಸೋತರೆ 80 ಮಾತ್ರ ಎಂದಾದರೆ ಪ್ರತಿ ಬಾರಿ ಸರಾಸರಿ ಲಾಭ 10. ಬ್ಲ್ಯಾಕ್‌ಜಾಕ್ ಹೆಚ್ಚುಕಡಿಮೆ ಸಮಸಮದ ಆಟ. ಕುದುರೆ ಜೂಜಿನ ಲೆಕ್ಕದಲ್ಲಿ ಪಳಗಿದ್ದ ಜಾನ್ಸನ್ ನಿಯಮಗಳ ಬಗ್ಗೆಯೂ ಚೌಕಾಸಿ ಮಾಡಿ, 2011ರ ವಸಂತದ ಹೊತ್ತಿಗೆ ಮೂರು ಕ್ಯಾಸಿನೋಗಳಿಂದ ಸುಮಾರು ಒಂದೂವರೆ ಕೋಟಿ ಡಾಲರ್ ಗೆದ್ದ. ಅವನು ಎಲೆ ಎಣಿಸಲೂ ಇಲ್ಲ, ಸುಳ್ಳು ಹೇಳಲೂ ಇಲ್ಲ. ಅವರೇ ಕೊಟ್ಟ ರಿಯಾಯಿತಿಯನ್ನು ಅವರಿಗಿಂತ ಚೆನ್ನಾಗಿ ಬೆಲೆಕಟ್ಟಿದ.

ಗೆರೆಯ ಆಚೆ ಬದಿಗೆ ಫಿಲ್ ಐವಿ ಇದ್ದಾನೆ. 2012ರ ಆಗಸ್ಟ್‌ನಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೋದಲ್ಲಿ ಈ ಹೆಸರಾಂತ ಪೋಕರ್ ಆಟಗಾರ ಪುಂಟೊ ಬಾಂಕೋ ಎಂಬ ಎಲೆಯಾಟ ಆಡಿ 77 ಲಕ್ಷ ಪೌಂಡ್ ಗೆದ್ದ. ಎಲೆಗಳ ಬೆನ್ನಿನ ಚಿತ್ತಾರ ಎರಡು ಅಂಚಿನಲ್ಲೂ ಒಂದೇ ರೀತಿ ಇರಲಿಲ್ಲ. ಅದೃಷ್ಟದ ನಂಬಿಕೆಯೆಂದು ನೆಪ ಹೇಳಿ, ಬೆಲೆಬಾಳುವ ಎಲೆಗಳನ್ನು ಹಂಚುವವಳ ಕೈಯಲ್ಲೇ ಒಂದು ದಿಕ್ಕಿಗೆ ತಿರುಗಿಸಿ ಇಡಿಸಿದ. ಮುಂದೆ ಬೆನ್ನು ನೋಡಿದರೇ ಎಲೆಯ ಜಾತಿ ಗೊತ್ತಾಗುತ್ತಿತ್ತು. ಕ್ಯಾಸಿನೋ ಹಣ ಕೊಡಲಿಲ್ಲ. ಇದು ಜಾಣ್ಮೆಯೇ ಹೊರತು ಮೋಸವಲ್ಲ ಎಂದು ಐವಿ ಪ್ರಾಮಾಣಿಕವಾಗಿ ನಂಬಿದ್ದ. ನ್ಯಾಯಾಲಯವೂ ಆ ನಂಬಿಕೆಯನ್ನು ಒಪ್ಪಿಕೊಂಡಿತು. ಆದರೂ 2017ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದು ಮೋಸವೇ ಎಂದು ತೀರ್ಪಿತ್ತಿತು. ಅವನು ಎಲೆಗಳನ್ನು ಬರೀ ಗಮನಿಸಲಿಲ್ಲ. ಹಂಚುವವಳಿಗೆ ಅರಿವಾಗದಂತೆ ಅವಳಿಂದಲೇ ಕಟ್ಟನ್ನು ತನಗೆ ಬೇಕಾದಂತೆ ಜೋಡಿಸಿಕೊಂಡ.

ಥಾರ್ಪ್ ಮತ್ತು ಜಾನ್ಸನ್ ಒಂದು ಕಡೆ, ಐವಿ ಇನ್ನೊಂದು ಕಡೆ. ನಳನ ಕಥೆಯಲ್ಲಿ ಋತುಪರ್ಣನಿಂದ ಅಕ್ಷಹೃದಯ ಕಲಿತು ಬಂದ ನಳ ಪುಷ್ಕರನಿಂದ ರಾಜ್ಯ ಗೆದ್ದದ್ದನ್ನು ಯಾರೂ ಮೋಸವೆನ್ನಲಿಲ್ಲ. ದಾಳವನ್ನು ತಿಳಿಯುವುದು ವಿದ್ಯೆ, ದಾಳವನ್ನು ತಿದ್ದುವುದು ಕಪಟ.

ಯಾರು ಕಳ್ಳರು ಎಂದು ಹೇಳುವ ಯಂತ್ರ

ಸುಳ್ಳು ಹೆಸರಿನವರನ್ನು ಕ್ಯಾಸಿನೋಗಳು ಹುಡುಕುವುದು ಸರಿಯೇ. ಒಂದೇ ಫೋನಿನಿಂದ, ಒಂದೇ ಇಂಟರ್ನೆಟ್ ವಿಳಾಸದಿಂದ, ಒಂದೇ ಬ್ಯಾಂಕ್ ಕಾರ್ಡಿನಿಂದ ಬರುವ ಖಾತೆಗಳನ್ನು, ಒಂದೇ ಹೊತ್ತಿನಲ್ಲಿ ಎದುರುಬದುರು ಬಾಜಿ ಕಟ್ಟುವವರನ್ನು ಪ್ರೋಗ್ರಾಂಗಳು ಹೆಕ್ಕಿ ತೆಗೆಯುತ್ತವೆ. ಕಷ್ಟ ಇರುವುದು ಆ ಹೆಕ್ಕುವಿಕೆಯ ಗಣಿತದಲ್ಲಿ.

ಉದಾಹರಣೆಗೆ 10,000 ಗಿರಾಕಿಗಳಲ್ಲಿ 100 ಮಂದಿ ವಂಚಕರು ಎಂದುಕೊಳ್ಳಿ. ಪ್ರೋಗ್ರಾಂ ತುಂಬ ಚುರುಕು: ನೂರು ವಂಚಕರಲ್ಲಿ 95 ಮಂದಿಯನ್ನು ಹಿಡಿಯುತ್ತದೆ, ನೂರು ಸಾಚಾಗಳಲ್ಲಿ ತಪ್ಪಾಗಿ ಹಿಡಿಯುವುದು ಐವರನ್ನು ಮಾತ್ರ. ಹಾಗಾದರೆ ಸಿಕ್ಕಿಬಿದ್ದವರಲ್ಲಿ 95 ಮಂದಿ ವಂಚಕರು. 9,900 ಸಾಚಾಗಳಲ್ಲಿ ಶೇ 5 ಎಂದರೆ 495. ಬಲೆಗೆ ಬಿದ್ದ 590 ಜನರಲ್ಲಿ ನಿಜವಾದ ವಂಚಕರು ಶೇ 16. ಒಂದೇ ಮನೆಯ ಅಣ್ಣತಮ್ಮಂದಿರು, ಒಂದೇ ಹಾಸ್ಟೆಲ್ಲಿನ ವೈಫೈ ಬಳಸುವ ಹುಡುಗರು ಉಳಿದ ಪಾಲಿನಲ್ಲಿ ಸಿಗುತ್ತಾರೆ. ಕಾಯಿಲೆಯ ತಪಾಸಣೆಯಲ್ಲಿ ವೈದ್ಯರು ಎಚ್ಚರಿಸುವ ಬೇಯ್ಸ್ ಸೂತ್ರದ ಪಾಠವೇ ಇದು: ಹುಡುಕುವ ವಸ್ತು ಅಪರೂಪವಾದಾಗ ಒಳ್ಳೆಯ ಪರೀಕ್ಷೆಯೂ ಹೆಚ್ಚಾಗಿ ತಪ್ಪು ಬೆರಳು ತೋರಿಸುತ್ತದೆ. ವೈದ್ಯರು ಎರಡನೇ ಪರೀಕ್ಷೆ ಮಾಡಿಸುತ್ತಾರೆ. ‘ನಮ್ಮ ವಿವೇಚನೆಯೇ ಅಂತಿಮ’ ಎಂದು ಷರತ್ತಿನಲ್ಲಿ ಬರೆದುಕೊಂಡ ಕಂಪನಿಗೆ ಎರಡನೇ ಪರೀಕ್ಷೆಯ ತುರ್ತು ಇರುವುದಿಲ್ಲ. ಪ್ರತಿ ತಪ್ಪು ತೀರ್ಮಾನದಲ್ಲೂ ಹಣ ಉಳಿಯುವುದು ಅದರ ಕಡೆಯೇ.

ಷರತ್ತಿಗೂ ತಕ್ಕಡಿ

ಚಕ್ರವನ್ನು ತೂಗಿದ ಹಾಗೆ ಷರತ್ತನ್ನೂ ತೂಗಬೇಕೆಂಬ ಮಾತು ಬ್ರಿಟನ್ನಿನಲ್ಲಿ ನಿಧಾನವಾಗಿ ಬಲ ಪಡೆಯಿತು. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ 2016ರಲ್ಲಿ ತನಿಖೆ ಆರಂಭಿಸಿತು. 2018ರ ಫೆಬ್ರುವರಿಯಲ್ಲಿ ಮೂರು ದೊಡ್ಡ ಕಂಪನಿಗಳು, ಗಿರಾಕಿ ತನ್ನ ಸ್ವಂತ ಹಣದಿಂದ ಗೆದ್ದದ್ದನ್ನು ಪಡೆಯಲು ಮತ್ತೆ ಮತ್ತೆ ಆಡಬೇಕೆಂದು ಒತ್ತಾಯಿಸುವುದಿಲ್ಲ, ನಿರ್ಬಂಧಗಳನ್ನು ಸ್ಪಷ್ಟವಾಗಿ ತಿಳಿಸುತ್ತೇವೆ ಎಂದು ಬರೆದುಕೊಟ್ಟವು.

ಅದೇ ವರ್ಷದ ಜನವರಿಯಲ್ಲಿ ಒಬ್ಬ ಗಿರಾಕಿ ಫೋನಿನಲ್ಲಿ ಬ್ಲ್ಯಾಕ್‌ಜಾಕ್ ಮಾದರಿಯ ಆಟವಾಡಿ 17 ಲಕ್ಷ ಪೌಂಡಿಗೂ ಹೆಚ್ಚು ಗೆದ್ದಿದ್ದ. ಸಾಫ್ಟ್‌ವೇರಿನಲ್ಲಿ ದೋಷವಿತ್ತು, ದೋಷವಿದ್ದರೆ ಹಣ ಕೊಡಬೇಕಿಲ್ಲವೆಂದು ಷರತ್ತಿನಲ್ಲಿದೆ ಎಂದು ಕಂಪನಿ ಕೈತೊಳೆದುಕೊಂಡಿತು. 2021ರಲ್ಲಿ ಹೈಕೋರ್ಟ್ ಗಿರಾಕಿಯ ಪರ ತೀರ್ಪು ಕೊಟ್ಟಿತು. ಅಂಥ ಷರತ್ತು ಪುಟಗಳ ನಡುವೆ ಹೂತುಹೋಗಿತ್ತು, ಅದನ್ನು ಗಿರಾಕಿಯ ಗಮನಕ್ಕೆ ಸರಿಯಾಗಿ ತಂದಿರಲಿಲ್ಲ ಎಂಬುದು ಮುಖ್ಯ ಕಾರಣಗಳಲ್ಲೊಂದು.

2025ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಜೂಜು ಆಯೋಗ ಇನ್ನೂ ಮುಂದೆ ಹೋಯಿತು. ಬೋನಸ್ಸಿನ 10 ಪಟ್ಟಿಗಿಂತ ಹೆಚ್ಚು ಆಡಿಸುವಂತಿಲ್ಲ ಎಂಬ ಹೊಸ ನಿಯಮ ಪ್ರಕಟಿಸಿತು. ನಮ್ಮ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ: 3,500ರ ಬದಲು 1,000 ಪೌಂಡ್, ಸ್ಲಾಟ್‌ನಲ್ಲಿ ಸರಾಸರಿ ನಷ್ಟ 40. ಸೊನ್ನೆಗಿಂತ 40 ಕೆಳಗಿದ್ದ ಕೊಡುಗೆಯ ಬೆಲೆ ಈಗ 60 ಪೌಂಡ್ ಮೇಲಕ್ಕೆ.

ನಮ್ಮಲ್ಲಿ ಚರ್ಚೆ ನಡೆದ ದಾರಿಯೇ ಬೇರೆ. ಜಾಣ್ಮೆಯೋ ಅದೃಷ್ಟವೋ ಎಂಬುದೇ ಇಲ್ಲಿ ಬಹುಕಾಲ ಪ್ರಶ್ನೆಯಾಗಿತ್ತು. ಆ ವಾದದ ಮೊದಲ ದೊಡ್ಡ ಮೊಕದ್ದಮೆಗೆ ಬೆಂಗಳೂರಿನ ನಂಟಿದೆ: ಇಲ್ಲಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಪದಬಂಧ ಬಹುಮಾನ ಸ್ಪರ್ಧೆಯ ಮೇಲೆ ಮುಂಬಯಿ ಸರ್ಕಾರ ತೆರಿಗೆ ಹಾಕಿದ್ದರಿಂದ ಹುಟ್ಟಿದ ತಕರಾರು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಆ ಪ್ರಕರಣದಲ್ಲಿ. ಆನ್‌ಲೈನ್ ಹಣದಾಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯದ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕೇಂದ್ರ ಕಾನೂನು ಜಾಣ್ಮೆ, ಅದೃಷ್ಟ ಎಂಬ ಭೇದವನ್ನೇ ಬದಿಗೆ ಸರಿಸಿ, ಹಣ ಕಟ್ಟಿ ಆಡಿಸುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಹೊರದೇಶದ ತಾಣಗಳಿಗೆ ಕದ್ದುಮುಚ್ಚಿ ಹೋಗುವವರ ಪಾಲಿಗೆ ಇದರ ಅರ್ಥ, ಬೋನಸ್ ಮುಟ್ಟುಗೋಲಾದರೆ ದೂರು ಕೊಡಲು ಪ್ರಾಧಿಕಾರವೂ ಇಲ್ಲ, ಕಟ್ಟೆಯೂ ಇಲ್ಲ.

ಕೊಡುಗೆಗೊಂದು ಪರೀಕ್ಷೆ

ಕೊಡುಗೆಯೊಂದು ನ್ಯಾಯವೋ ಅಲ್ಲವೋ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಎಲ್ಲ ಗಿರಾಕಿಗಳೂ ಲೆಕ್ಕ ಬಲ್ಲವರಾಗಿದ್ದರೆ ಈ ಕೊಡುಗೆ ಉಳಿಯುತ್ತದೆಯೇ? ಬೇಲಿಗಳಿಲ್ಲದ 35 ಪಟ್ಟಿನ ಬೋನಸ್ಸನ್ನು ಲೆಕ್ಕ ಬಲ್ಲವರು ಬ್ಲ್ಯಾಕ್‌ಜಾಕ್ ಆಡಿ ಬರಿದು ಮಾಡುತ್ತಾರೆ, ಕಂಪನಿ ಅದನ್ನು ನಿಲ್ಲಿಸುತ್ತದೆ. ಬೇಲಿಗಳೆಲ್ಲ ಇರುವ 35 ಪಟ್ಟಿನ ಬೋನಸ್ಸನ್ನು ಲೆಕ್ಕ ಬಲ್ಲವರು ಮುಟ್ಟುವುದೇ ಇಲ್ಲ. ಅದು ಬದುಕಿರುವುದು ಲೆಕ್ಕ ಹಾಕದವರ ಮೇಲೆ. ಲೆಕ್ಕ ಹಾಕಿದವರನ್ನು ದುರುಪಯೋಗಿಗಳೆಂದು ಹೊರಗಟ್ಟಿ, ಹಾಕದವರನ್ನು ಒಳಗೆ ಇರಿಸಿಕೊಳ್ಳುವ ಏರ್ಪಾಡು ಅದು. 10 ಪಟ್ಟಿನ ಬೋನಸ್ ಮಾತ್ರ ಪ್ರಶ್ನೆಯನ್ನು ದಾಟುತ್ತದೆ. ಗಿರಾಕಿಗೆ ಸರಾಸರಿ 60 ಪೌಂಡ್ ಸಿಗುತ್ತದೆಂದು ಇಬ್ಬರಿಗೂ ಗೊತ್ತು, ಕಂಪನಿ ಅದನ್ನು ಪ್ರಚಾರದ ಖರ್ಚೆಂದು ಬರೆದುಕೊಳ್ಳಬಹುದು.

ಆದರೆ ಆ ಅರವತ್ತು ಪೌಂಡಿಗೂ ಆಯಸ್ಸಿದೆ. ಬೋನಸ್ ತೀರಿದ ಮೇಲೂ ಆಟಗಾರ ಅದೇ ಸ್ಲಾಟ್ ಮುಂದೆ ಕೂತಿದ್ದರೆ ಪ್ರತಿ ಪೌಂಡಿಗೆ 4 ಪೆನ್ಸ್ ಸೋರುತ್ತದೆ. 1,500 ಪೌಂಡ್ ಓಡಿದರೆ ಅರವತ್ತೂ ಚುಕ್ತಾ. ಬ್ರಿಟನ್ನಿನ ನಿಯಮದಂತೆ ಸ್ಲಾಟ್‌ನ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಹಿಡಿಯಬೇಕು. ಸುತ್ತಿಗೊಂದು ಪೌಂಡಿನಂತೆ ಒಂದೇ ಸಮ ಒತ್ತುತ್ತ ಹೋದರೆ 1,500 ಸುತ್ತು ಮುಗಿಯಲು ಬೇಕಾಗುವುದು 62 ನಿಮಿಷ 30 ಸೆಕೆಂಡ್. ಅಲ್ಲಿಂದಾಚೆಗೆ ಯಾವ ಲೆಕ್ಕವೂ ಆಟಗಾರನ ಕಡೆಗಿಲ್ಲ.